ಜಿಲ್ಲಾ ಪತ್ರಿಕೆ, ಊರ ಮುಖಂಡ: ಯಾರು ಯಾರನ್ನ ಬೆಳೆಸಿದ್ರು?

ಯಾವುದಾದ್ರೂ ಜಿಲ್ಲಾ ಪತ್ರಿಕೆಯ ಒಳಪುಟ ತೆಗೆದು ಒಂದು ಸಭೆಯ ಸುದ್ದಿ ಓದಿ ನೋಡಿ, ಯಾವ ಊರಿನದಾದ್ರೂ ಸರಿ, ಅಚ್ಚು ಒಂದೇ. ಮೊದಲ ಸಾಲಲ್ಲಿ ಶಾಸಕರೋ ಮಠದ ಸ್ವಾಮೀಜಿಯೋ "ಕರೆ ನೀಡಿದರು". ಎರಡನೇ ಪ್ಯಾರಾದಲ್ಲಿ ಇನ್ನೊಬ್ರು "ಅಧ್ಯಕ್ಷತೆ ವಹಿಸಿ ಮಾತನಾಡಿದರು". ಆಮೇಲೆ ಒಬ್ಬಿಬ್ರು "ಅಭಿಪ್ರಾಯಪಟ್ಟರು". ಕೊನೇಲಿ ಎಂಟು ಹತ್ತು ಹೆಸರು ಸಾಲಾಗಿ ಬಂದು "ಮತ್ತಿತರರು ಉಪಸ್ಥಿತರಿದ್ದರು", ಅದಕ್ಕೂ ಕೆಳಗೆ ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು.

ಹೊರಗಿನವರಿಗೆ ಈ ಕೊನೇ ಪ್ಯಾರಾ ಕಸ. ಊರಿನವರಿಗೆ ಸುದ್ದಿ ಶುರುವಾಗೋದೇ ಅಲ್ಲಿಂದ. ನಿನ್ನೆ ವೇದಿಕೆ ಮೇಲೆ ಯಾರಿದ್ರು, ಯಾರ ಹೆಸರು ಯಾರಿಗಿಂತ ಮುಂಚೆ ಬಂತು, ತಾಲೂಕು ಪಂಚಾಯ್ತಿ ಮಾಜಿ ಅಧ್ಯಕ್ಷರ ಹೆಸರು ಯಾಕೆ ಬಿಟ್ಟೋಯ್ತು, ಬಿಟ್ಟಿದ್ದು ವರದಿಗಾರನೋ ಇಲ್ಲಾ ಪ್ರೆಸ್ ನೋಟ್ ಬರೆದುಕೊಟ್ಟ ಸಂಘದ ಕಾರ್ಯದರ್ಶಿಯೋ, ಇದೆಲ್ಲ ಬೆಳಿಗ್ಗೆ ಟೀ ಅಂಗಡೀಲಿ ಇತ್ಯರ್ಥ ಆಗೋ ವಿಷಯ. ಒಬ್ಬ ಹುಡುಗ ಮೊದಲು "ವಂದಿಸಿದರು" ಅಂತ ಬರ್ತಾನೆ, ನಾಲ್ಕು ವರ್ಷ ಬಿಟ್ಟು "ಉಪಸ್ಥಿತರಿದ್ದರು" ಸಾಲಿಗೆ ಹತ್ತುತಾನೆ, ಅಲ್ಲಿಂದ "ಮುಖ್ಯ ಅತಿಥಿಯಾಗಿ", ಅಲ್ಲಿಂದ "ಅಧ್ಯಕ್ಷತೆ". ಅಷ್ಟೊತ್ತಿಗೆ ಅವನು ಪುರಸಭೆ ಮೆಂಬರ್ ಆಗಿರ್ತಾನೆ, ಇಲ್ಲಾಂದ್ರೆ ಸೊಸೈಟಿ ಡೈರೆಕ್ಟರ್. ಪತ್ರಿಕೆ ಒಂಥರಾ ಊರ ಸಾರ್ವಜನಿಕ ಬದುಕಿನ ಹಾಜರಿ ಪುಸ್ತಕ, ಅದರಲ್ಲಿ ಹೆಸರಿಲ್ಲದವನು ಎಷ್ಟು ಕೆಲಸ ಮಾಡಿದ್ರೂ ಗೈರುಹಾಜರು.

ಪತ್ರಿಕೆ ಇಲ್ದೇ ಇದ್ರೆ ಊರಿಗೆ ಮುಖಂಡರೇ ಇರ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ, ಪಟೇಲರು ಶಾನುಭೋಗರು ದೇಸಾಯರು ಪತ್ರಿಕೆಗಿಂತ ಎಷ್ಟೋ ಹಳಬರು. ಆದ್ರೆ ಜಮೀನಿನ ಬಲ ಇಲ್ದೆ, ವಂಶದ ಹಕ್ಕಿಲ್ಲದೆ, ಬರೀ ಜನರ ಪರವಾಗಿ ಮಾತಾಡಿ ಅರ್ಜಿ ಬರೆದು ಸಂಘ ಕಟ್ಟಿ ಹೆಸರು ಮಾಡೋ ಮನುಷ್ಯ ಇದಾನಲ್ಲ, ಅವನು ಪತ್ರಿಕೆ ಜೊತೆಗೇ ಹುಟ್ಟಿದವನು. ನಮ್ಮಲ್ಲಿ ಬಹಳ ಕಾಲ ಪತ್ರಿಕೆ ನಡೆಸೋನೂ ಅವನೇ, ಪತ್ರಿಕೇಲಿ ಬರೋನೂ ಅವನೇ. ಆಮೇಲೆ ಇಬ್ರೂ ಬೇರೆಬೇರೆಯಾದ್ರು, ಅಲ್ಲಿಂದ ಗೊಂದಲ ಶುರು.

ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ, 1843ರ ಜುಲೈ 1, ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಶುರು ಮಾಡಿದ್ದು, ಅದಕ್ಕೇ ಈಗಲೂ ಜುಲೈ 1 ನಮಗೆ ಪತ್ರಿಕಾ ದಿನಾಚರಣೆ. ಹದಿನೈದು ದಿನಕ್ಕೊಂದು ಸಲ ಬರ್ತಿತ್ತು, ಕಲ್ಲಚ್ಚಿನಲ್ಲಿ ಛಾಪಿಸೋದು, ಬೆಲೆ ಒಂದು ದುಡ್ಡು. ಮರುವರ್ಷವೇ ಮೊಳೆ ಅಚ್ಚಿನ ಅನುಕೂಲಕ್ಕೆ ಅಂತ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಅಂತ ಹೆಸರು ಬದಲಾಯಿಸ್ಕೊಂಡು, ಹೆಚ್ಚು ದಿನ ಬಾಳಲಿಲ್ಲ. ಮೊಗ್ಲಿಂಗ್ ಬಗ್ಗೆ ಎಲ್ಲರೂ ಬರೀತಾರೆ, ನಾನು ಎಳೆಯಲ್ಲ, ಒಂದು ವಿಷಯ ಮಾತ್ರ ಗಮನಿಸಿ: ಆ ಪತ್ರಿಕೇಲಿ ಊರಿನ ವರ್ತಮಾನಕ್ಕೂ ಬೇರೆ ರಾಜ್ಯಗಳ ವರ್ತಮಾನಕ್ಕೂ ಬೇರೆಬೇರೆ ಜಾಗ ಇತ್ತು. ಅಂದ್ರೆ ಲೋಕಲ್ ಪುಟ ಅನ್ನೋ ಯೋಚನೆ ಮೊದಲ ದಿನದಿಂದಲೇ ಇದೆ. ಸ್ಥಳೀಯ ನಾಯಕ ಮಾತ್ರ ಇನ್ನೂ ಬಂದಿರಲಿಲ್ಲ, ಬರೆಯೋನು ಪಾದ್ರಿ, ಹೊರಗಿಂದ ನೋಡೋನು.

ಆ ನಾಯಕ ಕಾಣಿಸಿಕೊಳ್ಳೋದು ಮೈಸೂರಲ್ಲಿ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ರು, ದಸರಾ ಹೊತ್ತಿಗೆ ತಾಲೂಕುಗಳಿಂದ ಬಂದ ಪ್ರತಿನಿಧಿಗಳು ಕೆರೆ ಏರಿ, ರಸ್ತೆ, ಕಂದಾಯ ಅಂತ ತಮ್ಮ ಅಹವಾಲು ಹೇಳ್ಕೊಳ್ಳೋ ಜಾಗ. ಅಧಿಕಾರ ಏನೂ ಇರಲಿಲ್ಲ, ಕೇಳಬಹುದು ಅಷ್ಟೇ. ಆದ್ರೆ ಕೇಳಿದ್ದು ಪತ್ರಿಕೇಲಿ ಅಚ್ಚಾದ್ರೆ ಅದರ ತೂಕ ಬೇರೆ, ಊರಿಗೆ ವಾಪಸ್ ಹೋದಾಗ ಆ ಮನುಷ್ಯನನ್ನ ಜನ ನೋಡೋ ರೀತಿಯೂ ಬೇರೆ.

ಇಲ್ಲಿ ಎಂ. ವೆಂಕಟಕೃಷ್ಣಯ್ಯನವರ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು, ಮೈಸೂರಿನವರ ಬಾಯಲ್ಲಿ ತಾತಯ್ಯ. 1844ರಲ್ಲಿ ಹುಟ್ಟಿದ್ದು, 1933ರಲ್ಲಿ ತೀರ್ಕೊಂಡಿದ್ದು. ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರ್, ಅನಾಥಾಲಯ ಕಟ್ಟಿದವರು, ಬಡ ಹುಡುಗರ ಓದಿಗೆ ಊರೆಲ್ಲ ಸುತ್ತಿ ಚಂದಾ ಎತ್ತಿದವರು, ಜೊತೆಗೆ ವೃತ್ತಾಂತ ಚಿಂತಾಮಣಿ, ಸಾಧ್ವಿ, ಇಂಗ್ಲಿಷಿನ ಮೈಸೂರು ಪೇಟ್ರಿಯಟ್ ಹೀಗೆ ಒಂದಾದ ಮೇಲೊಂದು ಪತ್ರಿಕೆ ನಡೆಸಿದವರು. ಈಗಿನ ಕಣ್ಣಲ್ಲಿ ನೋಡಿದ್ರೆ ಮೇಷ್ಟ್ರು, ಸಮಾಜಸೇವಕ, ಪ್ರಜಾಪ್ರತಿನಿಧಿ ಸಭೆ ಸದಸ್ಯ, ಸಂಪಾದಕ, ಇವು ನಾಲ್ಕು ಕೆಲಸ. ಅವರಿಗೆ ಅದೊಂದೇ ಕೆಲಸ. ಸ್ಕೂಲಲ್ಲಿ ಕಂಡಿದ್ದನ್ನ ಪತ್ರಿಕೇಲಿ ಬರೆಯೋದು, ಬರೆದದ್ದನ್ನ ಸಭೇಲಿ ಎತ್ತೋದು, ಅಲ್ಲಿ ದಿವಾನರು ಕೊಟ್ಟ ಉತ್ತರಾನ ಮತ್ತೆ ಪತ್ರಿಕೇಲಿ ಹಾಕೋದು. ಪತ್ರಿಕೆ ಲಾಭ ತರ್ತಿರಲಿಲ್ಲ, ತರಬೇಕು ಅಂತ ಯಾರೂ ಅಂದ್ಕೊಂಡೂ ಇರಲಿಲ್ಲ. ಸಂಪಾದಕನ ಹೆಸರಿನ ಮೇಲೆ ಪತ್ರಿಕೆ ನಡೀತಿತ್ತು, ಪತ್ರಿಕೆಯಿಂದ ಸಂಪಾದಕನ ಮಾತಿಗೆ ಬೆಲೆ ಬರ್ತಿತ್ತು.

ಇದು ಸರ್ಕಾರಕ್ಕೆ ಇರಿಸುಮುರಿಸು ಆಗದೆ ಇರುತ್ತಾ? 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಪತ್ರಿಕಾ ಕಾನೂನು ಬಂತು. ಪತ್ರಿಕೆ ಶುರು ಮಾಡೋಕೆ ಸರ್ಕಾರದ ಅಪ್ಪಣೆ ಬೇಕು, ಸರ್ಕಾರ ಬೇಡ ಅಂದ್ರೆ ಅಪ್ಪಣೆ ವಾಪಸ್, ಸಂಪಾದಕನನ್ನ ಸಂಸ್ಥಾನದಿಂದಲೇ ಆಚೆ ಹಾಕೋಕೂ ಅವಕಾಶ. ತಾತಯ್ಯ ಪ್ರತಿಭಟನೆ ಅಂತ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ರು. ಈಗ ಇದನ್ನ ಕೇಳೋಕೆ ವಿಚಿತ್ರ ಅನ್ಸಬಹುದು, ಪತ್ರಿಕೆ ನಿಲ್ಲಿಸಿದ್ರೆ ನಷ್ಟ ಯಾರಿಗೆ ಅಂತ. ಆದ್ರೆ ಪತ್ರಿಕೆ ಹೊಟ್ಟೆಪಾಡಲ್ಲದ ಮನುಷ್ಯನಿಗೆ ಮಾತ್ರ ಸಾಧ್ಯ ಆಗೋ ಪ್ರತಿಭಟನೆ ಅದು, ಅವರಿಗೆ ಊರಲ್ಲಿ ನಿಲ್ಲೋಕೆ ಬೇರೆ ಕಾಲುಗಳೂ ಇದ್ವು. ಇವತ್ತು ಮೈಸೂರಲ್ಲಿ ಅವರ ಹೆಸರಲ್ಲೊಂದು ಪಾರ್ಕಿದೆ, ಪ್ರತಿಮೆ ಇದೆ. ಸರ್ಕಲ್ಲಿಗೆ ಪತ್ರಕರ್ತನ ಪ್ರತಿಮೆ ಹಾಕ್ಬೇಕು ಅಂತ ಈಗ ಯಾವ ಊರಿನವರಿಗೂ ಹೊಳೆಯೋದಿಲ್ಲ ಬಿಡಿ.

ಡಿ.ವಿ. ಗುಂಡಪ್ಪನವರದ್ದೂ ಅದೇ ದಾರಿ. ಜನ ಈಗ ಅವರನ್ನ ಕಗ್ಗದ ಡಿವಿಜಿ ಅಂತಲೇ ನೆನೆಯೋದು, ಆದ್ರೆ ಅವರು ಹೊಟ್ಟೆಪಾಡಿಗೆ ಹಿಡಿದಿದ್ದು ಪತ್ರಿಕೋದ್ಯಮ, 1913ರಲ್ಲಿ ಕರ್ನಾಟಕ ಅನ್ನೋ ಇಂಗ್ಲಿಷ್ ಪತ್ರಿಕೆ ಶುರು ಮಾಡಿದ್ರು, ಆಮೇಲೆ ಬೆಂಗಳೂರು ಮುನಿಸಿಪಾಲಿಟಿ ಮೆಂಬರ್ ಆದ್ರು, ಮೈಸೂರು ಲೆಜಿಸ್ಲೇಟಿವ್ ಕೌನ್ಸಿಲಿನಲ್ಲಿ ಕೂತ್ರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ರು.

ಇಲ್ಲಿ ಭೂಗೋಳದ ಒಂದು ತಮಾಷೆ ಇದೆ, ಅದು ಅರ್ಥ ಆಗದೆ ಕನ್ನಡ ಪತ್ರಿಕೆಗಳ ಕಥೆ ಅರ್ಥ ಆಗಲ್ಲ. 1956ಕ್ಕಿಂತ ಮುಂಚೆ ಕನ್ನಡ ಮಾತಾಡೋ ಜನ ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ನಿಜಾಮನ ಹೈದರಾಬಾದು, ಕೊಡಗು, ಇನ್ನೂ ಸಣ್ಣಪುಟ್ಟ ಸಂಸ್ಥಾನಗಳು, ಹೀಗೆ ಹಂಚಿಹೋಗಿದ್ರು. ಒಂದೊಂದು ಕಡೆ ಒಂದೊಂದು ಕಾನೂನು. ಮೈಸೂರಿನ ಕಾನೂನು ಬೆಂಗಳೂರು ಪೇಟೆಗೆ ಅನ್ವಯ, ಅದೇ ಊರಿನ ದಂಡು ಪ್ರದೇಶಕ್ಕೆ ಇಲ್ಲ, ಯಾಕಂದ್ರೆ ಅದು ಬ್ರಿಟಿಷರ ಕೈಲಿತ್ತು. ಈ ಗಡಿಗಳೇ ಪತ್ರಿಕೆಯವರಿಗೆ ಕಾಟ, ಅವೇ ತಪ್ಪಿಸಿಕೊಳ್ಳೋ ದಾರಿ. ಸಂಸ್ಥಾನದಲ್ಲಿ ಜನರ ಸರ್ಕಾರ ಬರಬೇಕು ಅಂತ ನಡೆದ 1947ರ ಮೈಸೂರು ಚಲೋ ಚಳವಳಿ ಹೊತ್ತಲ್ಲಿ ಎಚ್.ಎಸ್. ದೊರೆಸ್ವಾಮಿ ಪೌರವಾಣಿ ನಡೆಸ್ತಿದ್ರು, ಅಚ್ಚು ಮಾಡೋಕೆ ಮುಂಚೆ ತೋರಿಸಿ ಒಪ್ಪಿಗೆ ತಗೋಬೇಕು ಅಂತ ಸಂಸ್ಥಾನದ ಸರ್ಕಾರ ಹಿಡಿದಾಗ ಅವರು ಪತ್ರಿಕೆನ ಹಿಂದೂಪುರಕ್ಕೆ ಸಾಗಿಸಿದ್ರು. ಗೌರಿಬಿದನೂರು ದಾಟಿದ್ರೆ ಹಿಂದೂಪುರ, ಆವಾಗ ಮದ್ರಾಸ್ ಪ್ರಾಂತ, ಮಹಾರಾಜರ ಪೊಲೀಸರು ಅಲ್ಲಿಗೆ ಬರೋ ಹಾಗಿಲ್ಲ. ಅದೇ ದೊರೆಸ್ವಾಮಿ ನೂರು ವರ್ಷ ದಾಟಿ 2021ರಲ್ಲಿ ತೀರಿಕೊಳ್ಳೋ ತನಕ ಬೀದಿಗಿಳಿದು ಭೂಮಿ, ಕೆರೆ ಅಂತ ಹೋರಾಟ ಮಾಡ್ತಾನೇ ಇದ್ರು.

ಉತ್ತರದ ಕಡೆ ಕಥೆ ಸ್ವಲ್ಪ ಬೇರೆ. ಅಲ್ಲಿ ಎದುರಾಳಿ ಮಹಾರಾಜರಲ್ಲ, ಬ್ರಿಟಿಷ್ ಸರ್ಕಾರ, ಜೊತೆಗೆ ಮರಾಠಿ ಪತ್ರಿಕೆಗಳ ದೊಡ್ಡ ನೆರಳು. ಧಾರವಾಡ, ಬೆಳಗಾವಿ, ಹುಬ್ಬಳ್ಳಿಯಲ್ಲಿ ಪತ್ರಿಕೆ ಮಾಡೋದು ಅಂದ್ರೆ ಕಾಂಗ್ರೆಸ್ ಕೆಲಸ ಮಾಡೋದು ಮತ್ತು ಏಕೀಕರಣದ ಕೆಲಸ ಮಾಡೋದು, ಎರಡೂ ಒಟ್ಟಿಗೆ. ಆಲೂರು ವೆಂಕಟರಾಯರು, ಮುದವೀಡು ಕೃಷ್ಣರಾಯರು, ರಂಗನಾಥ ದಿವಾಕರರು, ಮೊಹರೆ ಹಣಮಂತರಾಯರು, ಇವರೆಲ್ಲ ಒಂದು ಕೈಲಿ ಪತ್ರಿಕೆ, ಇನ್ನೊಂದು ಕೈಲಿ ಚಳವಳಿ ಹಿಡಿದವರು. ಕರ್ಮವೀರ 1921ರಲ್ಲಿ ಶುರುವಾಗಿದ್ದು, ಆಮೇಲೆ ಸಂಯುಕ್ತ ಕರ್ನಾಟಕ. ಇನ್ನೂ ಇಲ್ಲದ ರಾಜ್ಯದ ಹೆಸರನ್ನ ಪತ್ರಿಕೆ ಮೊದಲೇ ಇಟ್ಕೊಂಡು ಕೂತಿತ್ತು. ದಿವಾಕರರು ಜೈಲಿಗೂ ಹೋದ್ರು, ಸ್ವಾತಂತ್ರ್ಯ ಬಂದ ಮೇಲೆ ದೆಹಲೀಲಿ ವಾರ್ತಾ ಮತ್ತು ಪ್ರಸಾರ ಖಾತೆ ಮಂತ್ರಿಯೂ ಆದ್ರು, ಆಮೇಲೆ ಬಿಹಾರದ ರಾಜ್ಯಪಾಲರು. ಒಂದು ಕಾಲಕ್ಕೆ ಸರ್ಕಾರದಿಂದ ಪತ್ರಿಕೆ ಉಳಿಸ್ಕೊಳ್ಳೋಕೆ ಒದ್ದಾಡಿದವರ ಟೇಬಲ್ಲಿಗೆ ಇಡೀ ದೇಶದ ಪತ್ರಿಕೆಗಳ ಫೈಲು ಬಂತು.

ಸಂಯುಕ್ತ ಕರ್ನಾಟಕದ ಒಡೆತನ ಲೋಕಶಿಕ್ಷಣ ಟ್ರಸ್ಟಿನದ್ದು. ಈ ಟ್ರಸ್ಟಿನ ಹೆಸರು ಪತ್ರಿಕೆ ಓದದವರಿಗೂ ಗೊತ್ತು, ಮುಖ್ಯವಾಗಿ ಟ್ಯಾಕ್ಸ್ ವಕೀಲರಿಗೆ. ವಿಷಯ ಏನಂದ್ರೆ, ಟ್ರಸ್ಟಿನ ಉದ್ದೇಶ ಜನಕ್ಕೆ ಶಿಕ್ಷಣ ಕೊಡೋದು, ಪತ್ರಿಕೆ ಅದಕ್ಕೊಂದು ಸಾಧನ, ಆದ್ರಿಂದ ಆದಾಯ ತೆರಿಗೆ ವಿನಾಯ್ತಿ ಬೇಕು ಅಂತ ಕೇಳಿದ್ರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 1975ರಲ್ಲಿ ತೀರ್ಪು ಬಂತು: ಇಲ್ಲ. ಕೋರ್ಟ್ ಹೇಳಿದ್ದರ ಸಾರಾಂಶ ಇಷ್ಟು, ಪತ್ರಿಕೆ ಓದಿದ್ರೆ ತಿಳುವಳಿಕೆ ಬರುತ್ತೆ ನಿಜ, ಹಂಗಂದ್ರೆ ಪ್ರವಾಸ ಮಾಡಿದ್ರೂ ಬರುತ್ತೆ, ನೈಟ್ ಕ್ಲಬ್ಬಿಗೆ ಹೋದ್ರೂ ಏನೋ ಒಂದು ತಿಳಿಯುತ್ತೆ, ಕಾನೂನಿನ ಲೆಕ್ಕದಲ್ಲಿ ಶಿಕ್ಷಣ ಅಂದ್ರೆ ಶಾಲೆ ಕಾಲೇಜಿನ ಥರ ವ್ಯವಸ್ಥಿತವಾಗಿ ಕಲಿಸೋದು, ಮಾರಾಟ ಮಾಡಿ ಲಾಭ ತೆಗೆಯೋ ಪತ್ರಿಕೆ ಅದರೊಳಗೆ ಬರಲ್ಲ. ಈಗಲೂ ಚಾರಿಟಬಲ್ ಟ್ರಸ್ಟುಗಳ ಕೇಸಲ್ಲಿ ಈ ತೀರ್ಪನ್ನ ಎತ್ತಿ ಓದ್ತಾರೆ. ನನಗೆ ಇದು ಬರೀ ಟ್ಯಾಕ್ಸ್ ಕೇಸಾಗಿ ಕಾಣಲ್ಲ. ಪತ್ರಿಕೆ ಅನ್ನೋದು ಸೇವೆ, ಲೋಕಶಿಕ್ಷಣ ಅಂತ ನಂಬಿ ಕಟ್ಟಿದ ತಲೆಮಾರಿಗೆ, ಸ್ವಾಮಿ ನಿಮ್ಮದೂ ಒಂದು ವ್ಯಾಪಾರಾನೇ ಅಂತ ಸ್ವತಂತ್ರ ಭಾರತದ ಕೋರ್ಟು ಶಿಷ್ಟವಾಗಿ ಹೇಳಿದ ಕ್ಷಣ ಅದು. ತಪ್ಪು ಅಂತಲೂ ಹೇಳೋಕಾಗಲ್ಲ.

ಹುಬ್ಬಳ್ಳೀಲಿ ಇನ್ನೊಬ್ಬರು ಪಾಟೀಲ ಪುಟ್ಟಪ್ಪ, ಪಾಪು. 1954ರಲ್ಲಿ ಪ್ರಪಂಚ ವಾರಪತ್ರಿಕೆ, ಆಮೇಲೆ ವಿಶ್ವವಾಣಿ, ರಾಜ್ಯಸಭೆ ಸದಸ್ಯರಾಗಿದ್ರು, ಕನ್ನಡ ಕಾವಲು ಸಮಿತಿ ಅಧ್ಯಕ್ಷರಾಗಿದ್ರು, ಗೋಕಾಕ್ ಚಳವಳಿಯಿಂದ ಹಿಡಿದು ಎಲ್ಲದರಲ್ಲೂ ಬಯ್ಯೋರೂ ಅವರೇ ಮುಂದೆ ನಿಲ್ಲೋರೂ ಅವರೇ. ಹಳೇ ಮಾದರಿಯ ಸಂಪಾದಕ-ಮುಖಂಡರ ಕೊನೆಯ ಸಾಲಿನವರು ಅನ್ನಬಹುದು, 2020ರಲ್ಲಿ ಹೋದ್ರು.

ಕೊಡಗಿನದ್ದು ಮಾತ್ರ ಬಿಡೋಕೆ ಮನಸ್ಸಾಗಲ್ಲ. ಪಂದ್ಯಂಡ ಬೆಳ್ಯಪ್ಪ ಅಲ್ಲಿ ಗಾಂಧಿ ಚಳವಳಿಯ ದೊಡ್ಡ ಹೆಸರು, ಕೊಡಗು ಅನ್ನೋ ವಾರಪತ್ರಿಕೆ ಅವರದ್ದು. 1956ರ ತನಕ ಕೊಡಗು ಪುಟ್ಟ ರಾಜ್ಯವೇ ಆಗಿತ್ತು, ತನ್ನದೇ ಶಾಸನಸಭೆ, ತನ್ನದೇ ಮುಖ್ಯಮಂತ್ರಿ. ಮೈಸೂರಿಗೆ ಸೇರಿ ಜಿಲ್ಲೆಯಾದ ಮರುವರ್ಷ, 1957ರಲ್ಲಿ, ಮಡಿಕೇರೀಲಿ ಶಕ್ತಿ ದಿನಪತ್ರಿಕೆ ಶುರುವಾಯ್ತು, ಇವತ್ತಿಗೂ ಅಲ್ಲಿನವರಿಗೆ ಬೆಂಗಳೂರಿನ ಪತ್ರಿಕೆ ಆಮೇಲೆ, ಶಕ್ತಿ ಮೊದಲು. ವಿಧಾನಸಭೆ ಹೋಯ್ತು, ಪತ್ರಿಕೆ ಬಂತು. ಒಂದರಿಂದ ಇನ್ನೊಂದು ಆಯ್ತು ಅಂತ ಗಂಟು ಹಾಕೋಕೆ ಹೋಗಲ್ಲ, ಆದ್ರೆ ತನ್ನ ಮಾತಾಡೋ ಜಾಗ ಕಳಕೊಂಡ ಊರಿಗೆ ಪತ್ರಿಕೆ ಎಷ್ಟು ಬೇಕಾಗುತ್ತೆ ಅನ್ನೋದು ಅಲ್ಲಿ ಕಾಣುತ್ತೆ.

ಇನ್ನು ತಿರುವು. ಪ್ರಜಾವಾಣಿ ಬಂದಿದ್ದು 1948ರ ಅಕ್ಟೋಬರ್ 15, ಶುರು ಮಾಡಿದವರು ಕೆ.ಎನ್. ಗುರುಸ್ವಾಮಿ, ಅಬಕಾರಿ ವ್ಯಾಪಾರದಿಂದ ಬಂದವರು, ಚಳವಳಿಯಿಂದಲ್ಲ. ಮಾಲೀಕ ಬೇರೆ, ಸಂಪಾದಕ ಬೇರೆ, ಸಂಪಾದಕನಿಗೆ ಸಂಬಳ. ಈಗ ಇದು ಮಾಮೂಲು, ಆಗ ದೊಡ್ಡ ಬದಲಾವಣೆ. ಟಿ.ಎಸ್. ರಾಮಚಂದ್ರರಾಯರಂಥ ಸಂಪಾದಕರು ಛೂಬಾಣ ಅನ್ನೋ ಅಂಕಣದಲ್ಲಿ ಮಂತ್ರಿಗಳನ್ನ ಚುಚ್ಚಿದ್ದು ತಾವು ಚುನಾವಣೆಗೆ ನಿಲ್ಲಬೇಕು ಅಂತಲ್ಲ. ಪತ್ರಕರ್ತ ವೇದಿಕೆಯಿಂದ ಇಳಿದು ಪ್ರೇಕ್ಷಕರ ಸಾಲಲ್ಲಿ ನೋಟ್‌ಬುಕ್ ಹಿಡಿದು ಕೂತ ಅಂತ ಇಟ್ಕೊಳ್ಳಿ. ವೇದಿಕೆ ಮೇಲಿನವನು ಇನ್ನು ಇವನನ್ನ ಒಲಿಸ್ಕೋಬೇಕು.

ಆದ್ರೆ ಬೆಂಗಳೂರಲ್ಲಿ ಅಚ್ಚಾಗಿ ರೈಲಲ್ಲೋ ಬಸ್ಸಲ್ಲೋ ಬರೋ ಪತ್ರಿಕೇಲಿ ಕುಂದಾಪುರದ ಹೊಂಡ ಬಿದ್ದ ರಸ್ತೆಗೆ ಜಾಗ ಎಲ್ಲಿ? ಅದನ್ನ ಸರಿಮಾಡಿದ್ದು ಮಣಿಪಾಲ. ಅಲ್ಲಿನ ಪೈ ಮನೆತನದವರು ಅದಾಗಲೇ ಬ್ಯಾಂಕ್ ಕಟ್ಟಿದ್ರು, ಮೆಡಿಕಲ್ ಕಾಲೇಜು ಕಟ್ಟಿದ್ರು, ಪ್ರಿಂಟಿಂಗ್ ಪ್ರೆಸ್ಸೂ ಇತ್ತು, 1970ರ ಜನವರಿ 1ಕ್ಕೆ ಉದಯವಾಣಿ ಬಂತು. ಬನ್ನಂಜೆ ರಾಮಾಚಾರ್ಯ ಸಂಪಾದಕರು. ಒಂದು ಜಿಲ್ಲೆ ಸುತ್ತಮುತ್ತಲೇ ಬೆಳಿಗ್ಗೆ ಮುಂಚೆ ಮನೆ ಬಾಗಿಲಿಗೆ ಬರೋ ಪತ್ರಿಕೆ, ಫೋಟೋ ಸ್ಪಷ್ಟ, ಅಚ್ಚು ಚಂದ, ಒಳಗೆ ನಮ್ಮೂರ ಭಜನಾ ಮಂದಿರದ ವಾರ್ಷಿಕೋತ್ಸವ, ಯಕ್ಷಗಾನದ ತಿರುಗಾಟ, ಕಂಬಳ, ನಿಧನ ವಾರ್ತೆ. ಕುಗ್ರಾಮ ಗುರುತಿಸಿ ಅಂತ ಒಂದು ಅಭಿಯಾನವನ್ನೇ ನಡೆಸಿದ್ರು, ರಸ್ತೆ ಇಲ್ಲದ ಕರೆಂಟ್ ಇಲ್ಲದ ಹಳ್ಳಿಗಳಿಗೆ ವರದಿಗಾರರು ನಡ್ಕೊಂಡು ಹೋಗಿ ಬರೆದಿದ್ದು. ಕರಾವಳೀಲಿ ಈಗಲೂ ತೀರಿಕೊಂಡವರ ಸುದ್ದಿ ಪತ್ರಿಕೇಲಿ ಬರದಿದ್ರೆ ಮನೆಯವರಿಗೆ ಸಮಾಧಾನ ಇಲ್ಲ, ನಿವೃತ್ತ ಮೇಷ್ಟ್ರು, ಪಂಚಾಯ್ತಿ ಮಾಜಿ ಸದಸ್ಯರು, ಯಕ್ಷಗಾನ ಅರ್ಥಧಾರಿ, ಮೂರು ಸಾಲು ಒಂದು ಪಾಸ್‌ಪೋರ್ಟ್ ಫೋಟೋ. ಊರ ಗಣ್ಯ ಯಾರು ಅಂತ ಯಾರಾದ್ರೂ ಸಂಶೋಧನೆ ಮಾಡೋದಾದ್ರೆ ಆ ನಿಧನ ಕಾಲಂ ಸಾಕು.

ಇದೇ ಮಾದರಿ ಮುಂಬೈಗೂ ಹೋಯ್ತು. ಅಲ್ಲಿನ ಕರ್ನಾಟಕ ಮಲ್ಲ, ಉದಯವಾಣಿಯ ಮುಂಬೈ ಆವೃತ್ತಿ ತೆಗೆದು ನೋಡಿದ್ರೆ ಹೋಟೆಲ್ ಉದ್ಯಮಿಗಳು, ಬಂಟರ ಸಂಘ, ಬಿಲ್ಲವರ ಸಂಘ, ಮೊಗವೀರರ ಸಂಘ, ಸಾಲು ಸಾಲು "ಉಪಸ್ಥಿತರಿದ್ದರು". ಊರಿಂದ ಸಾವಿರ ಕಿಲೋಮೀಟರ್ ಆಚೆ ಇದ್ರೂ ಊರಲ್ಲಿ ಹೆಸರು ಉಳಿಸ್ಕೊಳ್ಳೋ ದಾರಿ ಅದು, ಪೇಪರು ಊರಿಗೂ ತಲುಪುತ್ತೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೇಳೋರಿಗೆ ಯಾರ ಮನೆ ಬಾಗಿಲು ತಟ್ಟಬೇಕು ಅಂತಲೂ ಗೊತ್ತಾಗುತ್ತೆ.

1970, 80ರ ದಶಕದಲ್ಲಿ ಇನ್ನೊಂದು ಬಗೆಯವರು ಬಂದ್ರು, ಇವರು ಗಣ್ಯರ ಪಟ್ಟಿಯನ್ನೇ ಕೆಡಿಸಿದವರು. ರಾಜಶೇಖರ ಕೋಟಿ 1972ರಲ್ಲಿ ಧಾರವಾಡದಲ್ಲಿ ಆಂದೋಲನ ಶುರು ಮಾಡಿ ಆಮೇಲೆ ಮೈಸೂರಿಗೆ ತಂದ್ರು. ಸಮಾಜವಾದಿ ಹಿನ್ನೆಲೆ, ಕೈಲಿ ದುಡ್ಡಿಲ್ಲ, ದಲಿತ ಸಂಘರ್ಷ ಸಮಿತಿ, ರೈತ ಸಂಘ ಬೆಳೀತಿದ್ದ ಕಾಲ. ದೊಡ್ಡ ಪತ್ರಿಕೆಗಳಲ್ಲಿ ಜಾಗ ಸಿಗದ ಹಳ್ಳಿ ಹುಡುಗರ ಹೆಸರು, ಮಾತು, ಫೋಟೋ ಇಲ್ಲಿ ಬರೋಕೆ ಶುರುವಾಯ್ತು. ತಾಲೂಕು ಕಚೇರಿ ಮುಂದೆ ಧರಣಿ ಕೂತವರ ಹೆಸರು ಪತ್ರಿಕೇಲಿ ಬಂದ್ರೆ ಮರುದಿನ ತಹಶೀಲ್ದಾರ್ ಕುರ್ಚಿ ಹಾಕಿ ಮಾತಾಡಿಸ್ತಾರೆ, ಇದು ಸಣ್ಣ ವಿಷಯ ಅಲ್ಲ.

1980ರಲ್ಲಿ ಲಂಕೇಶ್ ಪತ್ರಿಕೆ ಬಂತು, ಜಾಹೀರಾತು ಬೇಡ, ಓದುಗರು ಕೊಡೋ ಕಾಸಲ್ಲೇ ನಡೀತೀವಿ ಅಂತ. ಜಿಲ್ಲೆ ಜಿಲ್ಲೆಯ ಶಾಸಕರು, ಮಠಾಧೀಶರು, ಕಂಟ್ರಾಕ್ಟರ್‌ಗಳ ಬಗ್ಗೆ ಯಾವ ಮರ್ಯಾದೆಯೂ ಇಲ್ದೆ ಬರೆದ್ರು, ಅಲ್ಲೀ ತನಕ "ಗಣ್ಯರು" ಆಗಿದ್ದವರು ಅಡ್ಡಹೆಸರಿಂದ ಕರೆಸ್ಕೊಳ್ಳೋ ಹಾಗಾಯ್ತು. ಒಳ್ಳೇದೂ ಆಯ್ತು, ಕೆಟ್ಟದ್ದೂ ಆಯ್ತು, ಯಾಕಂದ್ರೆ ಅದರ ಭಾಷೆ ಮಾತ್ರ ಕದ್ದು ಧೈರ್ಯ ಕದಿಯದ ಟ್ಯಾಬ್ಲಾಯ್ಡ್‌ಗಳು ತಾಲೂಕಿಗೊಂದು ಹುಟ್ಕೊಂಡ್ವು, ಮೊದಲ ವಾರ "ಮುಂದಿನ ಸಂಚಿಕೆಯಲ್ಲಿ ಸ್ಫೋಟ" ಅಂತ ಹಾಕೋದು, ಎರಡನೇ ವಾರ ಸ್ಫೋಟ ಆಗೋದೇ ಇಲ್ಲ, ನಡುವೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು.

ವಡ್ಡರ್ಸೆ ರಘುರಾಮ ಶೆಟ್ಟರ ಮುಂಗಾರು ಇವೆಲ್ಲಕ್ಕಿಂತ ಬೇರೆ ಪ್ರಯೋಗ. ಪ್ರಜಾವಾಣಿ ಬಿಟ್ಟು ಬಂದು 1984ರಲ್ಲಿ ಮಂಗಳೂರಲ್ಲಿ ಶುರು ಮಾಡಿದ್ರು, ಬಂಡವಾಳ ಜನಸಾಮಾನ್ಯರಿಂದ ಷೇರು ಅಂತ ಸಂಗ್ರಹಿಸಿದ್ದು. ಮಾಲೀಕನೂ ಇಲ್ಲ ಮುಖಂಡನೂ ಇಲ್ಲ, ಓದುಗರೇ ಒಡೆಯರು. ಕೆಲವೇ ವರ್ಷ ನಡೀತು, ದುಡ್ಡಿನ ತಾಪತ್ರಯ, ಆದ್ರೆ ಅಲ್ಲಿ ಕಲಿತ ಹುಡುಗರು ಆಮೇಲೆ ಕನ್ನಡದ ಬಹುತೇಕ ಎಲ್ಲ ಪತ್ರಿಕೆಗಳಲ್ಲೂ ಹರಡಿಕೊಂಡ್ರು.

ಆಮೇಲೆ ಚಕ್ರ ಒಂದು ಸುತ್ತು ತಿರುಗಿ ಮುಖಂಡನೇ ಮತ್ತೆ ಮಾಲೀಕನಾಗಿ ಬಂದ, ಈ ಸಲ ಲಾರಿ ಮೇಲೆ. ಗದಗಿನ ಸಂಕೇಶ್ವರ ಮನೆತನ ಮೂಲತಃ ಪ್ರಿಂಟಿಂಗ್ ಕಸುಬಿನದ್ದು, ವಿಜಯ ಸಂಕೇಶ್ವರ ಲಾರಿ ಕೊಂಡು ವಿಆರ್‌ಎಲ್ ಅನ್ನೋ ಸಾರಿಗೆ ಕಂಪನಿ ಕಟ್ಟಿದ್ರು, 1996ರಿಂದ ಸಾಲಾಗಿ ಮೂರು ಸಲ ಬಿಜೆಪಿ ಸಂಸದರಾದ್ರು, 1999ರಲ್ಲಿ ವಿಜಯ ಕರ್ನಾಟಕ ಶುರು ಮಾಡಿದ್ರು. ಬೆಲೆ ಕಮ್ಮಿ, ಬಣ್ಣದ ಪುಟ, ಊರೂರಿಗೆ ಆವೃತ್ತಿ, ಸಾಗಿಸೋಕೆ ಸ್ವಂತ ಗಾಡಿ. ನೋಡ್ತಾ ನೋಡ್ತಾ ಮೊದಲ ಸ್ಥಾನಕ್ಕೆ ಹೋಯ್ತು. ಆ ಭರದಲ್ಲಿ ಅವರು ಕನ್ನಡನಾಡು ಅಂತ ಪಕ್ಷ ಕಟ್ಟಿ 2004ರ ಚುನಾವಣೆಗೆ ಹೋದ್ರು, ಪತ್ರಿಕೆ ಮನೆಮನೆಗೆ ಹೋಯ್ತು, ಪಕ್ಷ ಹೋಗಲಿಲ್ಲ. 2006ರಲ್ಲಿ ಪತ್ರಿಕೆನ ಟೈಮ್ಸ್ ಗುಂಪಿಗೆ ಮಾರಿದ್ರು, 2012ರಲ್ಲಿ ವಿಜಯ ವಾಣಿ ಅಂತ ಮತ್ತೆ ಬಂದ್ರು. ಪೇಪರ್ ಕೈಲಿದ್ರೆ ಜನ ಕೈಲಿದ್ದ ಹಾಗೆ ಅಂದ್ಕೊಂಡಿರೋ ರಾಜಕಾರಣಿಗಳು ಈ 2004ನ್ನ ಒಂದು ಸಲ ನೆನೆಸ್ಕೋಬೇಕು. ಹೆಸರು ಪರಿಚಯ ಮಾಡಿಸೋದು ಪತ್ರಿಕೆ ಕೈಲಾಗುತ್ತೆ, ವೋಟು ಹಾಕಿಸೋದು ಬೇರೆ ಲೆಕ್ಕ, ಜಾತಿ, ದುಡ್ಡು, ಬೂತ್ ಮಟ್ಟದ ಹುಡುಗರು.

ಈಗ ದುಡ್ಡಿನ ಕಡೆ ಬರೋಣ, ಇಲ್ಲೇ ಇರೋದು ಗುಟ್ಟು. ದೊಡ್ಡ ಪತ್ರಿಕೆಗಳು ಒಂದೊಂದು ಜಿಲ್ಲೆಗೆ ಪುಟ ಬದಲಿಸಿ ಅಚ್ಚು ಮಾಡ್ತಾವೆ. ಪಕ್ಕದ ಜಿಲ್ಲೆಯವರಿಗೆ ನಿಮ್ಮೂರ ಸುದ್ದಿ ಹೋಗೋದೇ ಇಲ್ಲ, ಹಾಗಾಗಿ ಈಗಿನ ಊರ ಮುಖಂಡನ ಹೆಸರು ಜಿಲ್ಲಾ ಗಡಿ ದಾಟೋದು ಮೊದಲಿಗಿಂತ ಕಷ್ಟ. ತಾಲೂಕಿನಲ್ಲಿ ಸುದ್ದಿ ಕೊಡೋರು ಹೆಚ್ಚಾಗಿ ಅರೆಕಾಲಿಕ ವರದಿಗಾರರು, ಜೀವನಕ್ಕೆ ಬೇರೆ ಕೆಲಸ, ಎಷ್ಟೋ ಕಡೆ ಪತ್ರಿಕೆ ಏಜೆನ್ಸಿಯೂ ಅವರದ್ದೇ, ಬೆಳಗಿನ ಜಾವ ಬಸ್ ಸ್ಟ್ಯಾಂಡಲ್ಲಿ ಕಟ್ಟು ಇಳಿಸ್ಕೊಂಡು ಹುಡುಗರಿಗೆ ಹಂಚಿ, ಹಗಲು ಸಭೆಗಳಿಗೆ ಹೋಗಿ, ಸಂಜೆ ಸುದ್ದಿ ಕಳಿಸಿ, ನಡುವೆ ಜಾಹೀರಾತೂ ತರಬೇಕು. ಜಾಹೀರಾತಲ್ಲಿ ಕಮಿಷನ್ ಇದೆ. ಜಾಹೀರಾತು ಕೊಡೋರು ಯಾರು? ಶಾಸಕರ ಹುಟ್ಟುಹಬ್ಬಕ್ಕೆ "ಅಭಿಮಾನಿ ಬಳಗ", ಹೊಸ ಅಧ್ಯಕ್ಷರಿಗೆ "ಹಾರ್ದಿಕ ಅಭಿನಂದನೆಗಳು", ಯುಗಾದಿ ದೀಪಾವಳಿ ಶುಭಾಶಯ, ಪತ್ರಿಕೆ ವಾರ್ಷಿಕೋತ್ಸವದ ವಿಶೇಷ ಸಂಚಿಕೆ. ಅಂದ್ರೆ ಬೆಳಿಗ್ಗೆ ಯಾರ ಬಗ್ಗೆ ಬರೀಬೇಕೋ ಸಂಜೆ ಅವರ ಹತ್ರವೇ ಕಾಲು ಪುಟ ಕೇಳ್ಬೇಕು. ವರದಿಗಾರನನ್ನ ಬಯ್ಯೋದು ಸುಲಭ, ಈ ವ್ಯವಸ್ಥೆ ಕಟ್ಟಿದ್ದು ಅವನಲ್ಲ.

ತುಮಕೂರಿನ ಪ್ರಜಾಪ್ರಗತಿ, ದಾವಣಗೆರೆಯ ಜನತಾವಾಣಿ, ಹಾಸನದ ಜನತಾ ಮಾಧ್ಯಮ ಇಂಥ ಜಿಲ್ಲಾ ಪತ್ರಿಕೆಗಳಿಗೆ ಇದರ ಜೊತೆ ಸರ್ಕಾರಿ ಜಾಹೀರಾತು ದೊಡ್ಡ ಆಸರೆ. ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಹೆಸರಿದ್ರೆ ಟೆಂಡರ್ ಪ್ರಕಟಣೆ, ಸರ್ಕಾರದ ಸಾಧನೆ ಜಾಹೀರಾತು ಬರುತ್ತೆ, ಇಲ್ದಿದ್ರೆ ಕೋರ್ಟ್ ನೋಟಿಸು, ಹೆಸರು ಬದಲಾವಣೆ, ಜಮೀನು ಖರೀದಿಯ ಸಾರ್ವಜನಿಕ ಪ್ರಕಟಣೆ ಇಷ್ಟರಲ್ಲೇ ದಿನ ದೂಡಬೇಕು. 1908ರ ಕಾನೂನಿಗೆ ಅಪ್ಪಣೆ ರದ್ದು ಮಾಡೋ ಅಧಿಕಾರ ಬೇಕಿತ್ತು, ಈಗ ಬಿಲ್ ಪಾಸ್ ಮಾಡೋದು ಆರು ತಿಂಗಳು ತಡ ಮಾಡಿದ್ರೆ ಸಾಕು, ಯಾರೂ ಪ್ರತಿಭಟನೆ ಮಾಡಲ್ಲ.

ಇಷ್ಟೆಲ್ಲ ಹೇಳಿದ್ರಲ್ಲಿ ಹೆಣ್ಣುಮಕ್ಕಳ ಹೆಸರು ಬರಲೇ ಇಲ್ಲ ಅಂತ ನೀವು ಗಮನಿಸಿರಬಹುದು, ಅದು ಆ ಪುಟಗಳ ಸ್ವಭಾವವೂ ಹೌದು. ನಂಜನಗೂಡು ತಿರುಮಲಾಂಬ 1910ರ ದಶಕದಲ್ಲೇ ಕರ್ನಾಟಕ ನಂದಿನಿ ಪತ್ರಿಕೆ ನಡೆಸಿದ್ರು, ಆರ್. ಕಲ್ಯಾಣಮ್ಮ ಸರಸ್ವತಿ ಪತ್ರಿಕೆನ ದಶಕಗಟ್ಟಲೆ ನಡೆಸಿ ಮಕ್ಕಳ ಕೂಟ ಕಟ್ಟಿದ್ರು, ತಾತಯ್ಯನವರ ಥರವೇ ಪತ್ರಿಕೆ, ಸಂಸ್ಥೆ ಎರಡೂ ಒಟ್ಟಿಗೆ. ಆದ್ರೆ ಅವರಿಗೆ ಸಿಕ್ಕಿದ್ದು "ಮಹಿಳಾ ಪತ್ರಿಕೆ" ಅನ್ನೋ ಬೇರೆ ಕೋಣೆ. ಪಂಚಾಯ್ತಿ ಮೀಸಲಾತಿ ಬಂದ ಮೇಲೆ ಹೆಂಗಸರು ಅಧ್ಯಕ್ಷರಾದ್ರು, ಪುಟದಲ್ಲೂ ಬಂದ್ರು, ಎಷ್ಟೋ ಸುದ್ದೀಲಿ ಅಧ್ಯಕ್ಷೆಯ ಹೆಸರು ಒಂದು ಸಾಲು, ಅವರ ಗಂಡ ಮಾತಾಡಿದ್ದು ಒಂದು ಪ್ಯಾರಾ.

ಯಾರಿಗಾದ್ರೂ ತಮ್ಮೂರಿನ ಹಳೇ ಮುಖಂಡರ ಬಗ್ಗೆ, ಊರಿಗೆ ಹೈಸ್ಕೂಲ್ ತಂದವರು, ಕೆರೆ ಉಳಿಸಿದವರು, ಇಂಥವರ ಬಗ್ಗೆ ಹುಡುಕೋ ಆಸೆ ಇದ್ರೆ ಒಂದೆರಡು ಮಾತು. ಸರ್ಕಾರಿ ದಾಖಲೇಲಿ ಇವರು ಸಿಗೋದು ಕಮ್ಮಿ, ಸಿಗೋದು ಜಿಲ್ಲಾ ಪತ್ರಿಕೆಯ ಹಳೇ ಕಟ್ಟುಗಳಲ್ಲಿ. ಮಿಶನ್ ಕಾಲದ ಕಾಗದಪತ್ರ ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಜೋಪಾನವಾಗಿದೆ, ದೊಡ್ಡ ಪತ್ರಿಕೆಗಳಿಗೆ ಸ್ವಂತ ಲೈಬ್ರರಿ ಇದೆ, ಸಣ್ಣ ಪತ್ರಿಕೆಗಳದ್ದೇ ಕಷ್ಟ, ಸಂಪಾದಕರು ತೀರಿಕೊಂಡ್ರೆ ಮನೆಯವರು ಜಾಗ ಖಾಲಿ ಮಾಡೋಕೆ ರದ್ದಿಗೆ ಹಾಕ್ತಾರೆ. ಹಾಗಾಗಿ ಮೊದಲು ಪತ್ರಿಕೆ ಆಫೀಸಿಗೆ ಹೋಗಿ, ಅಲ್ಲಿಲ್ಲಾಂದ್ರೆ ಜಿಲ್ಲಾ ಕೇಂದ್ರ ಗ್ರಂಥಾಲಯ, ಅಲ್ಲೂ ಇಲ್ಲಾಂದ್ರೆ ಹಳೇ ಏಜೆಂಟರ ಮನೆ ವಿಚಾರಿಸಿ. ಸಿಕ್ಕಿದ್ರೆ ಮೊದಲ ಪುಟ ಬಿಟ್ಟು ಒಳಪುಟದ ಕೊನೇ ಪ್ಯಾರಾ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ, ತಾರೀಕು ಕಾಣೋ ಹಾಗೆ ಇರಲಿ, ಆಮೇಲೆ ಯಾವ ವರ್ಷದ್ದು ಅಂತ ಒದ್ದಾಡೋದು ತಪ್ಪುತ್ತೆ.